ಒಂದು ಮೇಳದ ಸಂಸಾರ

ಕಳೆದ ತಿಂಗಳು ಗೃಹಸ್ಥರೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದರು. ಅವರ ಮಗನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿರುವನಂತೆ. ಹುಡುಗನು ಬುದ್ಧಿವಂತ, ಹಿರಿಯರಲ್ಲಿ ಭಕ್ತಿಯುಳ್ಳವನು, ದುರಭ್ಯಾಸಗಳಿಲ್ಲ. ಆದರೆ ಒಂದು ವರ್ಷದಿಂದೀಚೆಗೆ ತಲೆಬುರುಡೆಯ ಚಿತ್ರವಿರುವ ಕರಿಯ ಅಂಗಿಯನ್ನು ತೊಡುವನು. ಸಂಜೆಯಾದೊಡನೆ ಕೋಣೆಯ ಬಾಗಿಲನ್ನಿಕ್ಕಿಕೊಂಡು ಗಿಟಾರು ಬಾರಿಸುವನು. 'ಹೆವಿ ಮೆಟಲ್' ಎಂಬ ಭಯಂಕರವಾದ ಗದ್ದಲವನ್ನು ಕೇಳುವನು. ಗೋಡೆಯ ಮೇಲೆ ಕೂದಲು ಇಳಿಯಬಿಟ್ಟ ನಾಲ್ವರ ಪಟವೊಂದನ್ನು ಅಂಟಿಸಿರುವನು. 'ಆ ನಾಲ್ವರು ಯಾರು? ಅವರ ಕುಲಶೀಲಗಳೇನು? ದೇವರ ಪಟಗಳಿರುವ ಮನೆಯಲ್ಲಿ ಇಂಥವರಿಗೂ ಒಂದು ಮೊಳೆಯ ಸ್ಥಳ ಕೊಡಬಹುದೆ?' ಎಂದು ಆ ಮಹನೀಯರು ಕೇಳಿದ್ದಾರೆ.

ಪಟದ ಕೆಳಗೆ 'ಬ್ಲ್ಯಾಕ್ ಸಬ್ಬತ್' ಎಂದು ಬರೆದಿದೆಯಂತೆ. ನಮಗೆ ಈ ಸಂಗೀತದಲ್ಲಿ ಹುಟ್ಟು ಪ್ರೀತಿಯೇನೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆವು. ಪತ್ರಕ್ಕೆ ಉತ್ತರ ಬರೆಯಬೇಕಾದುದರಿಂದ ಕೇಳಿದೆವು. ಮೊದಲ ಸಲ ಅರ್ಧಕ್ಕೆ ನಿಲ್ಲಿಸಿದೆವು. ಎರಡನೆಯ ಸಲ ಕೊನೆಯವರೆಗೂ ಕೇಳಿದೆವು. ಆದರೆ ಆ ನಾಲ್ವರ ವೃತ್ತಾಂತವನ್ನು ಓದತೊಡಗಿದ ಮೇಲೆ, ಇದು ಗದ್ದಲದ ಕಥೆಯಲ್ಲ, ಒಂದು ಮನೆತನದ ಕಥೆಯೆಂದು ನಮಗೆ ತೋರಿತು. ಕೂಡಿ ಬಾಳಿದ ನಾಲ್ವರು ಪಾಲಾದುದು, ಮನೆತನದ ಹೆಸರಿಗಾಗಿ ನ್ಯಾಯಸ್ಥಾನಕ್ಕೆ ಹೋದುದು, ಮುಪ್ಪಿನಲ್ಲಿ ಮತ್ತೆ ಒಂದೆಡೆ ನಿಂತುದು: ಇವೆಲ್ಲವೂ ನಮ್ಮ ಓದುಗರಿಗೆ ಅಪರಿಚಿತವಾದ ಸಂಗತಿಗಳಲ್ಲವಷ್ಟೆ.

ಇಂಗ್ಲೆಂಡಿನ ನಡುನಾಡಿನಲ್ಲಿರುವ ಬರ್ಮಿಂಗ್‌ಹ್ಯಾಮ್ ನಗರವು ಕಬ್ಬಿಣ, ಹಿತ್ತಾಳೆ, ಮೋಟಾರುಗಳ ಕಾರ್ಖಾನೆಗಳಿಗೆ ಪ್ರಸಿದ್ಧವಾದುದು. ಅಲ್ಲಿಯ ಆಸ್ಟನ್ ಎಂಬ ಕೇರಿ ಕೂಲಿಕಾರರ ವಸತಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಬಾಂಬುಗಳಿಗೆ ಈ ನಗರವು ಬಹಳವಾಗಿ ತುತ್ತಾಗಿತ್ತು. ಯುದ್ಧವು ಮುಗಿದು ವರ್ಷಗಳು ಕಳೆದರೂ ಕುಸಿದ ಮನೆಗಳ ಹಾಳುಗಳಲ್ಲಿಯೇ ಮಕ್ಕಳು ಆಡುತ್ತಿದ್ದರು. ನಮ್ಮ ನಾಲ್ವರೂ ಈ ಹಾಳುಗಳಲ್ಲಿ ಆಡಿ ಬೆಳೆದವರೇ. ಟೋನಿ ಅಯೊಮಿ, ಬಿಲ್ ವಾರ್ಡ್, ಜಾನ್ ಆಸ್ಬರ್ನ್ ಎಂಬ ಮೂವರು ೧೯೪೮ರಲ್ಲಿಯೂ, ಟೆರೆನ್ಸ್ ಬಟ್ಲರ್ ಎಂಬಾತನು ೧೯೪೯ರಲ್ಲಿಯೂ ಹುಟ್ಟಿದರು. ಆಸ್ಬರ್ನನಿಗೆ 'ಆಜಿ' ಎಂದೂ, ಬಟ್ಲರನಿಗೆ 'ಗೀಜರ್' ಎಂದೂ ಅಡ್ಡಹೆಸರು. ಲೋಕವು ಅವರನ್ನು ಈ ಹೆಸರುಗಳಿಂದಲೇ ಬಲ್ಲದು.

ಆಜಿಯ ತಂದೆ ಕಾರ್ಖಾನೆಯಲ್ಲಿ ಉಪಕರಣಗಳನ್ನು ಮಾಡುವ ಕೆಲಸದವನು. ಇಕ್ಕಟ್ಟಾದ ಮನೆ, ಆರು ಮಂದಿ ಮಕ್ಕಳು. ಅಕ್ಷರಗಳು ಕಣ್ಣಿನ ಮುಂದೆ ಕಲಸಿಹೋಗುವ ತೊಂದರೆಯಿದ್ದುದರಿಂದ ಹುಡುಗನಿಗೆ ಓದು ಹತ್ತಲಿಲ್ಲ. ಆ ಕಾಲದ ಉಪಾಧ್ಯಾಯರಿಗೆ ಇದೊಂದು ತೊಂದರೆಯೆಂಬ ತಿಳಿವಳಿಕೆಯೇ ಇರಲಿಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು ಕಸಾಯಿಖಾನೆಯಲ್ಲಿ ದುಡಿದನು. ಕಾರುಗಳ ಹಾರನ್ನುಗಳಿಗೆ ಶ್ರುತಿ ಕೂಡಿಸುವ ಕೆಲಸವನ್ನೂ ಕೆಲವು ಕಾಲ ಮಾಡಿದನು. ಒಮ್ಮೆ ಬಟ್ಟೆ ಅಂಗಡಿಯಲ್ಲಿ ಕಳವು ಮಾಡಿ ಸಿಕ್ಕಿಬಿದ್ದನು. ದಂಡ ಕಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಬುದ್ಧಿ ಬರಲೆಂದು ತಂದೆಯು ಕಟ್ಟಲೊಲ್ಲದೆ ಮಗನನ್ನು ಸೆರೆಮನೆಗೆ ಹೋಗಗೊಟ್ಟನು. ಅದೇ ತಂದೆಯೇ ಮುಂದೆ ಮಗನು ಹಾಡಬೇಕೆಂದು ಹಟ ಹಿಡಿದಾಗ ಸಾಲ ಮಾಡಿ ಧ್ವನಿವರ್ಧಕವನ್ನು ಕೊಡಿಸಿದನು. ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ನಮಗೆ ಆ ತಂದೆಯಲ್ಲಿ ಗೌರವವುಂಟಾಯಿತು.

ಆದರೆ ಈ ಸಂಗೀತದ ಮೂಲವು ಆಜಿಯ ಕಂಠದಲ್ಲಿಲ್ಲ, ಅಯೊಮಿಯ ಬೆರಳುಗಳಲ್ಲಿದೆ. ಸರಿಯಾಗಿ ಹೇಳಬೇಕಾದರೆ, ಇಲ್ಲದ ಬೆರಳುಗಳಲ್ಲಿದೆ.

ಅಯೊಮಿಯು ತಂದೆತಾಯಿಗಳಿಗೆ ಒಬ್ಬನೇ ಮಗ, ಎಡಗೈಯವನು. ಆದುದರಿಂದ ಗಿಟಾರಿನ ತಂತಿಗಳನ್ನು ಮಿಡಿಯುವುದು ಎಡಗೈಯಿಂದ, ಒತ್ತುವುದು ಬಲಗೈ ಬೆರಳುಗಳಿಂದ. ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುವ ಕೆಲಸದಲ್ಲಿದ್ದನು. ಯೂರೋಪಿನಲ್ಲಿ ಸಂಚಾರ ಹೊರಡಲಿದ್ದ ಮೇಳವೊಂದು ತನ್ನನ್ನು ಸೇರಿಸಿಕೊಂಡುದರಿಂದ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದನು. ಅದು ಕಾರ್ಖಾನೆಯಲ್ಲಿ ಅವನ ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು, ಇನ್ನು ಅರ್ಧ ದಿನಕ್ಕಾಗಿ ಏಕೆ ಹೋಗಬೇಕೆಂದು ಕುಳಿತುಬಿಟ್ಟನು. ತಾಯಿಯು ಒಪ್ಪಲಿಲ್ಲ, ಹಿಡಿದ ಕೆಲಸವನ್ನು ಪೂರೈಸಿಯೇ ಬರಬೇಕೆಂದು ಹೇಳಿ ಮಗನನ್ನು ಕಳುಹಿದಳು. ಅಂದು ತಗಡು ಒತ್ತುವ ಯಂತ್ರದ ಕೆಲಸಗಾರನು ಬಂದಿರಲಿಲ್ಲವಾಗಿ ಆ ಯಂತ್ರಕ್ಕೆ ಇವನನ್ನು ನಿಲ್ಲಿಸಿದರು. ಅಭ್ಯಾಸವಿಲ್ಲದ ಕೈ. ಯಂತ್ರವು ಬಲಗೈಯ ಮೇಲೆ ಇಳಿಯಿತು. ಗಾಬರಿಯಿಂದ ಕೈಯನ್ನು ಹಿಂದಕ್ಕೆ ಸೆಳೆದಾಗ ನಡುಬೆರಳು ಉಂಗುರಬೆರಳುಗಳ ತುದಿಗಳು ಹೋಗಿಬಿಟ್ಟವು.

ಆ ತಾಯಿಯ ಮನಸ್ಸಿನಲ್ಲಿ ಅಂದು ಏನಾಗಿದ್ದೀತೆಂಬುದನ್ನು ನಾವು ವರ್ಣಿಸಲಾರೆವು. ಆಕೆ ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಯಾವ ತಾಯಿಯಾದರೂ ಅದನ್ನೇ ಹೇಳುತ್ತಿದ್ದಳು.

ಇನ್ನು ಗಿಟಾರಿನ ಆಸೆಯನ್ನು ಬಿಡಬೇಕೆಂದು ವೈದ್ಯರು ಹೇಳಿದರು. ಆಗ ಕಾರ್ಖಾನೆಯ ಮೇಲ್ವಿಚಾರಕನು ಅವನನ್ನು ನೋಡಲು ಬಂದು ಒಂದು ಗ್ರಾಮಫೋನ್ ತಟ್ಟೆಯನ್ನು ಕೇಳಿಸಿದನು. ಕೇಳಲು ಮನಸ್ಸಿಲ್ಲದಿದ್ದರೂ ಅಯೊಮಿಯು ಕೇಳಿ, ಚೆನ್ನಾಗಿದೆಯೆಂದನು. ಹಾಗೆ ಬಾರಿಸಿದಾತನು ಜ್ಯಾಂಗೋ ರೈನ್‌ಹಾರ್ಟ್ ಎಂಬ ಅಲೆಮಾರಿ ಕುಲದ ಕಲಾವಿದನೆಂದೂ, ೧೯೨೮ರಲ್ಲಿ ಬೆಂಕಿಯ ಅನಾಹುತದಿಂದ ಆತನ ಎಡಗೈಯ ಎರಡು ಬೆರಳುಗಳು ನಿಷ್ಪ್ರಯೋಜಕವಾಗಿದ್ದವೆಂದೂ, ಮಿಕ್ಕ ಬೆರಳುಗಳಿಂದಲೇ ಹೀಗೆ ಬಾರಿಸಿದನೆಂದೂ ಮೇಲ್ವಿಚಾರಕನು ತಿಳಿಸಿದನು.

ಹುಡುಗನು ಮನೆಯಲ್ಲಿ ಪಾತ್ರೆ ತೊಳೆಯುವ ದ್ರಾವಣದ ಖಾಲಿ ಪ್ಲಾಸ್ಟಿಕ್ ಶೀಷೆಯೊಂದನ್ನು ಕರಗಿಸಿ ಉಂಡೆ ಮಾಡಿದನು; ಬೆರಳಿಗೆ ಸರಿಹೋಗುವಂತೆ ಕೊರೆದು, ಉಜ್ಜಿ, ದರ್ಜಿಯು ಹಾಕಿಕೊಳ್ಳುವ ಅಂಗುಲಿತ್ರಾಣದಂತಹ ಎರಡು ಟೊಪ್ಪಿಗಳನ್ನು ಮಾಡಿಕೊಂಡನು. ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತಿದ್ದುದರಿಂದ ಹಳೆಯ ತೊಗಲಿನ ಚೂರುಗಳನ್ನು ಕತ್ತರಿಸಿ ಅಂಟಿಸಿದನು. ಆದರೆ ಟೊಪ್ಪಿಯ ಮೂಲಕ ತಂತಿಯ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ದಪ್ಪ ತಂತಿಗಳನ್ನು ಎಳೆದರೆ ನೋಯುತ್ತಿತ್ತು. ತೆಳುವಾದ ಗಿಟಾರು ತಂತಿಗಳು ಆಗ ಅಂಗಡಿಗಳಲ್ಲಿ ದೊರೆಯುತ್ತಿರಲಿಲ್ಲವಾಗಿ ಬ್ಯಾಂಜೋ ವಾದ್ಯದ ತಂತಿಗಳನ್ನು ತಂದು ಕಟ್ಟಿದನು. ಕೆಲವು ವರ್ಷಗಳ ಮೇಲೆ, ತಂತಿಯ ಬಿಗುಪು ಇನ್ನೂ ಕಡಮೆಯಾಗಲೆಂದು ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ಕೆಳಗಿಳಿಸಿದನು. ಬೆರಳ ನೋವು ಕಡಮೆಯಾಯಿತು. ಜೊತೆಗೆ ನಾದವು ಮಂದ್ರಕ್ಕಿಳಿದು, ನೆಲದೊಳಗಿನಿಂದ ಬಂದಂತೆ ಭಾರವಾಯಿತು. ಇಂದು ಲೋಕದಲ್ಲೆಲ್ಲಾ ಎಷ್ಟೋ ಮೇಳಗಳು ಬೇಕೆಂದೇ ಶ್ರುತಿಯನ್ನಿಳಿಸಿ ಈ ಭಾರವನ್ನು ತಂದುಕೊಳ್ಳುತ್ತವೆ. ಅವರಿಗೆ ಬೆರಳುಗಳು ಸರಿಯಾಗಿಯೇ ಇವೆ!

ಮೇಳವು ಕೂಡಿದುದು ೧೯೬೮ರಲ್ಲಿ. ಅಯೊಮಿಯೂ ಡ್ರಮ್ಮು ಬಾರಿಸುವ ವಾರ್ಡನೂ ಗಾಯಕನೊಬ್ಬನನ್ನು ಹುಡುಕುತ್ತಿದ್ದರು. ಸಂಗೀತವಾದ್ಯಗಳ ಅಂಗಡಿಯೊಂದರಲ್ಲಿ, ಸ್ವಂತ ಧ್ವನಿವರ್ಧಕವಿರುವ ಆಜಿ ಎಂಬ ಹಾಡುಗಾರನು ಮೇಳವನ್ನು ಬಯಸುತ್ತಾನೆಂದು ಚೀಟಿ ಅಂಟಿಸಿತ್ತು. ಆ ಹೆಸರಿನವನೊಬ್ಬನು ತನ್ನ ಶಾಲೆಯಲ್ಲಿದ್ದುದು ಅಯೊಮಿಗೆ ನೆನಪಾಯಿತು. ಆದರೆ ಅವನಿಗೆ ಹಾಡು ಬರುವುದುಂಟೆ ಎಂದು ನಂಬದೆ ಹೋಗಿ ನೋಡಿದರೆ, ಬಾಗಿಲು ತೆರೆದವನು ಅವನೇ! ಶಾಲೆಯಲ್ಲಿ ಒಂದು ವರ್ಷ ಹಿರಿಯನಾದ ಅಯೊಮಿಯು ಅವನನ್ನು ಬಹಳ ಗೋಳುಹೊಯ್ದುಕೊಂಡಿದ್ದನು. ಈ ಹಿರಿತನ ಕಿರಿತನಗಳು ಮುಂದೆಯೂ ಅವರಿಬ್ಬರ ನಡುವೆ ಅಳಿಸಿಹೋಗಲಿಲ್ಲವೆಂದು ತೋರುತ್ತದೆ. ಆಜಿಯ ಗೆಳೆಯನಾದ ಬಟ್ಲರನು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದವನು. ಆತನು ಮಂದ್ರಸ್ವರದ ಬೇಸ್ ಗಿಟಾರನ್ನು ಹಿಡಿದನು, ಹಾಡುಗಳ ಸಾಹಿತ್ಯವನ್ನು ಬಹುತೇಕ ಆತನೇ ಬರೆಯುತ್ತ ಬಂದನು.

ಮೊದಲು ಬೇರೆ ಹೆಸರುಗಳಿದ್ದವು. ೧೯೬೯ರಲ್ಲಿ ಅದೇ ಹೆಸರಿನ ಮತ್ತೊಂದು ಮೇಳವಿರುವುದು ತಿಳಿದಾಗ, ಬೋರಿಸ್ ಕಾರ್ಲಾಫ್ ನಟಿಸಿದ ೧೯೬೩ರ ಭಯಾನಕ ಚಲಚ್ಚಿತ್ರವೊಂದರ ಹೆಸರನ್ನು ಎತ್ತಿಕೊಂಡರು. ಹೆದರುವುದಕ್ಕಾಗಿ ಜನರು ದುಡ್ಡು ಕೊಟ್ಟು ಟಿಕೀಟು ಕೊಳ್ಳುವುದಾದರೆ ಹೆದರಿಸುವ ಸಂಗೀತವನ್ನೇಕೆ ಮಾಡಬಾರದೆಂಬುದು ಅವರ ತರ್ಕ. ಬ್ಲ್ಯಾಕ್ ಸಬ್ಬತ್ ಎಂಬ ಹೆಸರಿನ ಮೂಲವು ಇಷ್ಟೇ. ಪತ್ರ ಬರೆದ ಮಹನೀಯರು ಶಂಕಿಸಿರುವಂತೆ ಯಾವ ವಾಮಾಚಾರವೂ ಇಲ್ಲ. ಬಟ್ಲರನು ಕಥೋಲಿಕ ಮನೆಯಲ್ಲಿ ಬೆಳೆದವನು. ಮೇಳದವರು ಕೊರಳಲ್ಲಿ ತೊಡುತ್ತಿದ್ದ ಶಿಲುಬೆಗಳನ್ನು ಮೊದಲು ಮಾಡಿಕೊಟ್ಟವನು ಆಜಿಯ ತಂದೆಯೇ. ಮೊದಲ ತಟ್ಟೆಯ ಹೊದಿಕೆಯೊಳಗೆ ತಲೆಕೆಳಗಾದ ಶಿಲುಬೆಯನ್ನು ಅಚ್ಚು ಹಾಕಿದುದು ಪ್ರಕಾಶಕರ ವ್ಯಾಪಾರಬುದ್ಧಿ. ಮೇಳದವರನ್ನು ಅದಕ್ಕೆ ಕೇಳಿರಲೂ ಇಲ್ಲ.

ಆ ಮೊದಲ ಧ್ವನಿಮುದ್ರಿಕೆಯನ್ನು ೧೯೬೯ರ ಅಕ್ಟೋಬರಿನಲ್ಲಿ ಲಂಡನಿನಲ್ಲಿ ಒಂದೇ ದಿನದಲ್ಲಿ ಮುಗಿಸಿದರು. ೧೯೭೦ರ ಫೆಬ್ರವರಿ ೧೩ನೆಯ ಶುಕ್ರವಾರ ಅದು ಹೊರಬಿತ್ತು. ಹದಿಮೂರನೆಯ ತಾರೀಖಿನ ಶುಕ್ರವಾರವೆಂದರೆ ಅವರಲ್ಲಿ ನಮ್ಮ ರಾಹುಕಾಲವಿದ್ದಂತೆ. ಮೇಳದ ಹೆಸರನ್ನೇ ಹೊತ್ತ ಮೊದಲ ಹಾಡಿನಲ್ಲಿ ಮಳೆ, ಗುಡುಗು, ಗಂಟೆಯ ಸದ್ದುಗಳಾದ ಮೇಲೆ ಗಿಟಾರು ಮೂರೇ ಸ್ವರಗಳನ್ನು ನುಡಿಯುತ್ತದೆ: ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಅಂತರವನ್ನು ಪಾಶ್ಚಾತ್ಯ ಶಾಸ್ತ್ರಕಾರರು ಹಿಂದೆ 'ಸಂಗೀತದಲ್ಲಿಯ ಸೈತಾನ'ನೆಂದು ಕರೆದುದುಂಟು. ಇದನ್ನು ಓದಿದಾಗ ನಮಗೆ ನಗೆ ಬಂದಿತು. ನಮ್ಮಲ್ಲಿ ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ಸರಿಯಾಗಿ ಅರ್ಧ, ಮೂವತ್ತಾರು, ಪ್ರತಿಮಧ್ಯಮದವೇ ಅಲ್ಲವೆ? ಮದುವೆಮನೆಯಲ್ಲಿ ನಾಗಸ್ವರದವನು ಕಲ್ಯಾಣಿಯನ್ನು ಎತ್ತಿಕೊಂಡರೆ ಸೈತಾನನು ಬಂದನೆಂದು ಯಾರೂ ಓಡಿಹೋಗುವುದಿಲ್ಲ. ಸ್ವರದಲ್ಲಿ ದೋಷವಿಲ್ಲ, ಸುತ್ತಲಿನ ಸ್ವರಗಳನ್ನೆಲ್ಲ ಬಿಟ್ಟು, ಅದೊಂದನ್ನೇ ಕತ್ತಲೆಯಲ್ಲಿ ನಿಲ್ಲಿಸಿದ ರೀತಿಯಲ್ಲಿ ಭಯವಿದೆ. ಇದನ್ನು ಕಂಡುಕೊಂಡವನು ಸಂಗೀತಜ್ಞನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ವಿಮರ್ಶಕರು ಹಳಿದರು, ಜನರು ಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ 'ಪ್ಯಾರನಾಯ್ಡ್' ಎಂಬ ಎರಡನೆಯ ಮುದ್ರಿಕೆಯು ಇಂಗ್ಲೆಂಡಿನಲ್ಲಿ ಮಾರಾಟದ ಮೊದಲ ಸ್ಥಾನಕ್ಕೇರಿತು. ಅದರ ಹೆಸರಾಂತ ಶೀರ್ಷಿಕೆಯ ಹಾಡು, ತಟ್ಟೆಯಲ್ಲಿ ಸ್ವಲ್ಪ ಸ್ಥಳ ಉಳಿದುದರಿಂದ ಅವಸರದಲ್ಲಿ ಕಟ್ಟಿ ತುಂಬಿದುದೆಂದು ಅವರೇ ಹೇಳಿಕೊಂಡಿದ್ದಾರೆ. ಅದೇ ತಟ್ಟೆಯಲ್ಲಿ ಯುದ್ಧವನ್ನು ಹೂಡಿ ಬಡವರ ಮಕ್ಕಳನ್ನು ಸಾಯಲು ಕಳುಹಿಸುವ ದೊಡ್ಡವರನ್ನು ಕುರಿತು ಕಟುವಾದ ಹಾಡೊಂದಿದೆ. ವಿಯಟ್ನಾಮಿನ ಯುದ್ಧವು ನಡೆಯುತ್ತಿದ್ದ ಕಾಲವದು. ಬಾಂಬು ಬಿದ್ದ ಕೇರಿಯಲ್ಲಿ ಬೆಳೆದವರು ಪ್ರೇಮಗೀತೆಗಳನ್ನು ಬಿಟ್ಟು ಇಂಥದನ್ನು ಹಾಡಿದುದು ಆಶ್ಚರ್ಯವಲ್ಲ. ಆ ಮುಂದೆ ೧೯೭೫ರವರೆಗೆ ಬಂದ ನಾಲ್ಕು ಮುದ್ರಿಕೆಗಳೂ ಇವರ ಹೆಸರನ್ನು ಅಮೆರಿಕಾ ಖಂಡದವರೆಗೆ ಒಯ್ದವು.

ಇಲ್ಲಿಂದ ಸಂಸಾರವು ಕೆಡತೊಡಗಿತು. ಮನೆಗಳು, ಕಾರುಗಳು, ಬೇಕಾದ ಭೋಗವಸ್ತುಗಳು ಕೇಳಿದೊಡನೆ ಬರುತ್ತಿದ್ದವು. ಆದರೆ ಹಣವೆಷ್ಟು ಬಂದಿತು, ಎಲ್ಲಿ ಹೋಯಿತೆಂಬ ಲೆಕ್ಕವು ನಾಲ್ವರಿಗೂ ತಿಳಿಯದಾಯಿತೆಂದು ಅವರೇ ಹೇಳಿದ್ದಾರೆ. ಲೆಕ್ಕದ ಕಚೇರಿಯಿಂದ ಬಂದವನೊಬ್ಬನು ಮೇಳದಲ್ಲಿಯೇ ಇದ್ದೂ ಹೀಗಾಯಿತು! ವ್ಯವಸ್ಥಾಪಕರೊಡನೆ ವ್ಯಾಜ್ಯವು ಹುಟ್ಟಿ, ೧೯೭೫ರ ಮುದ್ರಿಕೆಯ ಕೆಲಸವು ನಡೆಯುವಾಗ ವಾದ್ಯಶಾಲೆಗೇ ನ್ಯಾಯಸ್ಥಾನದ ಕಾಗದಗಳು ಬರುತ್ತಿದ್ದವು. ಇದರ ಜೊತೆಗೆ ಮದ್ಯವೂ ಕೊಕೇನೂ ಸೇರಿದವು. ಲಾಸ್ ಏಂಜಲೀಸಿನಲ್ಲಿ ೧೯೭೨ರ ಮುದ್ರಿಕೆಯನ್ನು ಮಾಡಿದಾಗ, ಮುದ್ರಣಕ್ಕೆ ತಗಲಿದ ವೆಚ್ಚಕ್ಕಿಂತ ಈ ವಿಷದ ಪುಡಿಗೆ ಮಾಡಿದ ವೆಚ್ಚವೇ ಹೆಚ್ಚೆಂದು ಅವರು ಒಪ್ಪಿಕೊಂಡಿದ್ದಾರೆ. ಗೋಡೆಯ ಪಟಕ್ಕೆ ಸ್ಥಳ ಕೊಡುವ ಮುನ್ನ ಗೃಹಸ್ಥರು ತಿಳಿಯಬೇಕಾದ ಸಂಗತಿ ಇದು; ನಾವು ಮುಚ್ಚಿಡುವುದಿಲ್ಲ. ಮಗನೂ ತಿಳಿಯಲಿ.

೧೯೭೯ರ ಏಪ್ರಿಲಿನಲ್ಲಿ ಆಜಿಯನ್ನು ಮೇಳದಿಂದ ತೆಗೆದುಹಾಕಿದರು. ಕುಡಿತವು ನಾಲ್ವರಲ್ಲಿಯೂ ಇತ್ತು. ಆತನಲ್ಲಿ ಕೆಲಸಕ್ಕೆ ಅಡ್ಡಿಯಾಗುವಷ್ಟು ಬೆಳೆದಿತ್ತೆಂಬುದು ಮಿಕ್ಕವರ ಮಾತು. ಈ ಸುದ್ದಿಯನ್ನು ಆತನಿಗೆ ಹೇಳಬೇಕಾಗಿ ಬಂದುದು ಎಲ್ಲರಿಗಿಂತಲೂ ಆತನಿಗೆ ಹತ್ತಿರದ ಗೆಳೆಯನಾದ ಬಿಲ್ ವಾರ್ಡನಿಗೆ. ಮರುವರ್ಷವೇ ವಾರ್ಡನೂ ಸಂಚಾರದ ನಡುವೆ ಮೇಳವನ್ನು ಬಿಟ್ಟು ಹೋದನು.

ಆಜಿಯು ಕೆಟ್ಟುಹೋಗುವನೆಂದೇ ಎಲ್ಲರೂ ಎಣಿಸಿದ್ದರು. ಆದರೆ ಶ್ಯಾರನ್ ಎಂಬಾಕೆ ಆತನ ವ್ಯವಹಾರವನ್ನು ಕೈಗೆತ್ತಿಕೊಂಡಳು. ೧೯೮೦ರಲ್ಲಿ ಆತನ ಸ್ವಂತ ಮುದ್ರಿಕೆ ಹೊರಟಿತು. ೧೯೮೨ರಲ್ಲಿ ಅವರಿಬ್ಬರಿಗೂ ಮದುವೆಯಾಯಿತು. ಬೇರೆಯಾದ ತಮ್ಮನ ಮನೆಯು ಮೂಲದ ಮನೆಗಿಂತ ದೊಡ್ಡದಾಗಿ ಬೆಳೆಯಿತು. ಮೂಲದ ಮನೆಯಲ್ಲಿ ಅಯೊಮಿಯು ಹೆಸರನ್ನು ಹಿಡಿದು ಕುಳಿತನು. ರೋನಿ ಜೇಮ್ಸ್ ಡಿಯೋ ಎಂಬ ಅಮೆರಿಕದ ಗಾಯಕನನ್ನು ಕರೆದುಕೊಂಡು ೧೯೮೦ರಲ್ಲಿ 'ಹೆವನ್ ಅಂಡ್ ಹೆಲ್' ಎಂಬ ಮುದ್ರಿಕೆಯನ್ನು ತಂದನು. ಆಜಿಯದು ಒಳಗಿನ ಅಳಲನ್ನು ನೇರವಾಗಿ ಕೂಗುವ ಧ್ವನಿ. ಡಿಯೋವಿನದು ತಾರಸ್ಥಾಯಿಯಲ್ಲಿ ನಿಂತು ಆಜ್ಞಾಪಿಸುವ ಕಂಠ. ಯಾವುದು ಮೇಲೆಂದು ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ. ನಮ್ಮ ಕಿವಿಗೆ ಡಿಯೋ ಹೆಚ್ಚು ಇಂಪಾದನು. ಪತ್ರ ಬರೆದವರ ಮಗನು ಒಪ್ಪಲಿಕ್ಕಿಲ್ಲ. ಡಿಯೋ ೧೯೮೨ರಲ್ಲಿ ಬಿಟ್ಟನು, ೧೯೯೨ರಲ್ಲಿ ಮರಳಿ ಬಂದು ಮತ್ತೆ ಬಿಟ್ಟನು. ನಡುವೆ ಇಯಾನ್ ಗಿಲ್ಲನ್, ಗ್ಲೆನ್ ಹ್ಯೂಸ್, ಟೋನಿ ಮಾರ್ಟಿನ್ ಮೊದಲಾದವರು ಬಂದು ಹಾಡಿದರು. ಬಟ್ಲರನೂ ಬಿಟ್ಟುಹೋಗುತ್ತ ಬರುತ್ತ ಇದ್ದನು. ಒಂದು ಕಾಲದಲ್ಲಿ ಮೂಲದವರೆಂದರೆ ಅಯೊಮಿ ಒಬ್ಬನೇ. ಆ ವರ್ಷಗಳ ಮುದ್ರಿಕೆಗಳನ್ನು ಇಲ್ಲಿ ಒಂದೊಂದಾಗಿ ಹೇಳುವ ಅಗತ್ಯವಿಲ್ಲ. ಮಾರಾಟವು ಇಳಿಯಿತು, ಹೆಸರು ಉಳಿಯಿತು.

ಕಡೆಗೆ ೧೯೯೭ರ ಡಿಸೆಂಬರಿನಲ್ಲಿ ತಮ್ಮ ಹುಟ್ಟೂರಿನಲ್ಲಿಯೇ ನಾಲ್ವರೂ ಒಂದುಗೂಡಿ ಎರಡು ರಾತ್ರಿ ಬಾರಿಸಿದರು. ಮನೆಯವರು ಮತ್ತೆ ಒಂದೇ ಪಂಕ್ತಿಯಲ್ಲಿ ಕುಳಿತರೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಪಂಕ್ತಿಯಲ್ಲಿ ಕುಳಿತ ಮಾತ್ರಕ್ಕೆ ಪಾಲಿನ ತಕರಾರು ತೀರುವುದೆ? ಅಯೊಮಿ, ಬಟ್ಲರ್, ಡಿಯೋ ಇವರು ೨೦೦೬ರಲ್ಲಿ ಮತ್ತೊಮ್ಮೆ ಕೂಡಿದಾಗ ಮೂಲದ ಹೆಸರಿಡದೆ, ತಮ್ಮ ಹಳೆಯ ಮುದ್ರಿಕೆಯ ಹೆಸರನ್ನೇ ಮೇಳಕ್ಕಿಟ್ಟುಕೊಂಡರು. ೨೦೦೯ರಲ್ಲಿ, ಬ್ಲ್ಯಾಕ್ ಸಬ್ಬತ್ ಎಂಬ ಹೆಸರು ಯಾರ ಸ್ವತ್ತೆಂಬ ವಿಷಯದಲ್ಲಿ ಆಜಿಯು ಅಯೊಮಿಯ ಮೇಲೆ ದಾವಾ ಹೂಡಿದನು! ಹಾಡಿದವನು ತನ್ನ ಕಂಠದಿಂದ ಹೆಸರು ಬಂದಿತೆಂದನು. ಹೆಸರನ್ನು ಕಷ್ಟಕಾಲದಲ್ಲಿ ಕಾಪಾಡಿದವನು ಅಯೊಮಿ. ಊರಿನ ಮನೆಯಲ್ಲಿದ್ದು ದೇವರ ದೀಪವನ್ನು ನೋಡಿಕೊಂಡ ಅಣ್ಣನಿಗೂ, ಪಟ್ಟಣದಲ್ಲಿ ದುಡಿದು ಮನೆತನಕ್ಕೆ ಕೀರ್ತಿ ತಂದ ತಮ್ಮನಿಗೂ ನಡೆಯುವ ವ್ಯಾಜ್ಯವನ್ನು ನೋಡಿದವರಿಗೆ ಇದು ಅರ್ಥವಾಗದೆ ಇರದು. ಮರುವರ್ಷ ರಾಜಿಯಾಯಿತು.

ಆ ರಾಜಿಯ ಫಲವಾಗಿ ೨೦೧೧ರ ನವೆಂಬರ್ ೧೧ರಂದು ನಾಲ್ವರೂ ಕೂಡಿ ಹೊಸ ಮುದ್ರಿಕೆಯನ್ನು ತರುವುದಾಗಿ ಪ್ರಕಟಿಸಿದರು. ಎರಡು ತಿಂಗಳೊಳಗೆ ಅಯೊಮಿಗೆ ಲಿಂಫೋಮ ಎಂಬ ಅರ್ಬುದರೋಗವಿರುವುದು ತಿಳಿಯಿತು. ಚಿಕಿತ್ಸೆಯ ನಡುನಡುವೆಯೇ ಕೆಲಸ ನಡೆಯಿತು. ಆದರೆ ಒಪ್ಪಂದದ ಪತ್ರವು ತನಗೆ ನ್ಯಾಯವಾಗಿಲ್ಲವೆಂದು ಹೇಳಿ ಬಿಲ್ ವಾರ್ಡನು ರುಜು ಹಾಕಲಿಲ್ಲ. ಬೇರೊಬ್ಬನನ್ನು ಡ್ರಮ್ಮಿಗೆ ಕೂರಿಸಿ ಮುದ್ರಿಸಿದ 'ಹದಿಮೂರು' ಎಂಬ ಹೆಸರಿನ ಮುದ್ರಿಕೆಯು ೨೦೧೩ರಲ್ಲಿ ಹೊರಬಂದು ಇಂಗ್ಲೆಂಡು ಅಮೆರಿಕಾ ಎರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು; ಇಂಗ್ಲೆಂಡಿನಲ್ಲಿ ನಲವತ್ತಮೂರು ವರ್ಷಗಳ ತರುವಾಯ. ೨೦೧೭ರ ಫೆಬ್ರವರಿ ೪ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಕಡೆಯ ಕಚೇರಿಯೆಂದು ಬಾರಿಸಿ ವಾದ್ಯಗಳನ್ನು ಕೆಳಗಿಟ್ಟರು. ಅಂದೂ ವಾರ್ಡನಿರಲಿಲ್ಲ. ಗೆದ್ದ ಮನೆಯಲ್ಲಿ ಒಬ್ಬನು ಹೊರಗುಳಿದ ಈ ಸಂಗತಿಯು, ಅದೆಲ್ಲ ಕೀರ್ತಿಯ ನಡುವೆಯೂ ನಮ್ಮನ್ನು ಕಾಡಿತು.

ಈ ನಡುವೆ ಆಸ್ಟನಿನ ಹುಡುಗರು ಊರಿನ ಹೆಮ್ಮೆಯಾಗಿದ್ದರು. ೨೦೧೯ರಲ್ಲಿ ಅಲ್ಲಿಯ ಬ್ರಾಡ್ ಬೀದಿಯ ಕಾಲುವೆಯ ಸೇತುವೆಗೆ ಇವರ ಹೆಸರಿಟ್ಟು, ನಾಲ್ವರ ಮುಖಗಳಿರುವ ಬೆಂಚನ್ನು ಹಾಕಿಸಿದರು. ೨೦೨೩ರಲ್ಲಿ ಬರ್ಮಿಂಗ್‌ಹ್ಯಾಮಿನ ರಾಯಲ್ ಬ್ಯಾಲೆ ತಂಡದವರು ಇವರ ಸಂಗೀತಕ್ಕೆ ನೃತ್ಯರೂಪಕವನ್ನೇ ಕಟ್ಟಿದರು. ಆದರೆ ಆಜಿಯ ಶರೀರವು ಸೋಲುತ್ತ ಬಂದಿತ್ತು. ತನಗೆ ಪಾರ್ಕಿನ್‌ಸನ್ ಎಂಬ ನರರೋಗವಿರುವುದನ್ನು ೨೦೨೦ರಲ್ಲಿ ಆತನೇ ಪ್ರಕಟಪಡಿಸಿದ್ದನು. ನಡೆಯಲಾಗದಿದ್ದರೂ ಜನರಿಗೆ ಸರಿಯಾಗಿ ವಿದಾಯ ಹೇಳದೆ ಹೋಗಬಾರದೆಂಬುದು ಆತನ ಹಂಬಲ.

೨೦೨೫ರ ಜುಲೈ ೫ರಂದು ಅದು ನಡೆಯಿತು. ಸ್ಥಳವು ವಿಲ್ಲಾ ಪಾರ್ಕ್ ಎಂಬ ಕಾಲ್ಚೆಂಡಿನ ಮೈದಾನ. ಆಜಿಯು ಹುಟ್ಟಿ ಬೆಳೆದ ಬೀದಿಯ ಸಮೀಪದಲ್ಲಿಯೇ ಇರುವುದು. ಪಂದ್ಯ ನೋಡಲು ಬಂದವರ ಕಾರುಗಳನ್ನು ಕಾಯುತ್ತ ಬಾಲ್ಯದಲ್ಲಿ ಆತನು ಪುಡಿಕಾಸು ಸಂಪಾದಿಸುತ್ತಿದ್ದನಂತೆ. ಇವರಿಂದ ಕಲಿತ ಎಷ್ಟೋ ಮೇಳಗಳವರು ಅಂದು ಮಧ್ಯಾಹ್ನದಿಂದ ಬಾರಿಸಿದರು. ಅವರಲ್ಲಿ ಮೆಟಾಲಿಕಾ ಎಂಬ ಅಮೆರಿಕದ ಮೇಳವೂ ಇದ್ದಿತು. ೨೦೧೧ರ ಅಕ್ಟೋಬರ್ ೩೦ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಚೇರಿ ನಡೆಸಿದವರು ಇವರೇ. ನಮ್ಮ ಓದುಗರಲ್ಲಿ ಕೆಲವರ ಮನೆಯ ಹುಡುಗರು ಅಂದು ಕರಿಯ ಅಂಗಿ ತೊಟ್ಟು ಅಲ್ಲಿಗೆ ಹೋಗಿದ್ದುದನ್ನು ನಾವು ಬಲ್ಲೆವು. ಬಂದ ಆದಾಯವು ಪಾರ್ಕಿನ್‌ಸನ್ ರೋಗದ ಸಂಶೋಧನೆಗೂ, ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೂ, ಗುಣವಾಗದ ರೋಗದ ಮಕ್ಕಳನ್ನು ನೋಡಿಕೊಳ್ಳುವ ಆಶ್ರಮವೊಂದಕ್ಕೂ ಎಂದು ಮೊದಲೇ ಗೊತ್ತುಮಾಡಿದ್ದರು.

ಇರುಳಾದ ಮೇಲೆ ಮೂಲದ ನಾಲ್ವರೂ ಬಂದರು. ನಾಲ್ವರೂ ಒಟ್ಟಿಗೆ ವೇದಿಕೆಯೇರಿ ಇಪ್ಪತ್ತು ವರ್ಷಗಳಾಗಿದ್ದವು. ಆಜಿಯು ಕರಿಯ ಸಿಂಹಾಸನವೊಂದರಲ್ಲಿ ಕುಳಿತೇ ಹಾಡಿದನು. ಏಳಲು ಯತ್ನಿಸಿದುದನ್ನೂ ಆಗದೆ ಕುಳಿತುದನ್ನೂ ಜನರು ನೋಡಿದರು. ಹಿಂದೆ ಡ್ರಮ್ಮುಗಳ ನಡುವೆ, ಎಪ್ಪತ್ತೇಳು ವರ್ಷದ ಬಿಲ್ ವಾರ್ಡ್ ಇದ್ದನು. ನಾಲ್ಕೇ ಹಾಡುಗಳನ್ನು ಬಾರಿಸಿದರು. ಹದಿನೇಳು ದಿನಗಳ ತರುವಾಯ, ಜುಲೈ ೨೨ರಂದು ಆಜಿಯು ತೀರಿಕೊಂಡನು. ಆತನಿಗೆ ಎಪ್ಪತ್ತಾರು ವರ್ಷ. ಜುಲೈ ೩೦ರಂದು ಆತನ ಶವದ ಮೆರವಣಿಗೆಯು ಬ್ರಾಡ್ ಬೀದಿಯಲ್ಲಿ ಸಾಗಿ, ಹೂಗಳಲ್ಲಿ ಮುಚ್ಚಿಹೋಗಿದ್ದ ಆ ಸೇತುವೆಯ ಬಳಿ ನಿಂತಿತು. ಹೆಂಡತಿ ಮಕ್ಕಳು ಇಳಿದು ಬಂದು, ಜನರು ಇಟ್ಟಿದ್ದ ಕಾಗದಗಳನ್ನು ಓದಿದರು. ಅಯೊಮಿಯ ಬೆರಳುಗಳಲ್ಲಿ ಅಂದಿನ ಕಚೇರಿಯಲ್ಲಿಯೂ ಆ ಎರಡು ಟೊಪ್ಪಿಗಳಿದ್ದವು.

ಪತ್ರ ಬರೆದ ಮಹನೀಯರು ಕುಲಶೀಲಗಳನ್ನು ಕೇಳಿದುದರಿಂದ ಇಷ್ಟನ್ನು ಬರೆದೆವು. ಮೊಳೆಯ ವಿಷಯವನ್ನು ಅವರೇ ತೀರ್ಮಾನಿಸಬಹುದು. ನಮ್ಮ ಮನೆಯಾಗಿದ್ದರೆ ಪಟವನ್ನು ತೆಗೆಸುತ್ತಿರಲಿಲ್ಲ, ದೇವರ ಮನೆಯಿಂದ ನಾಲ್ಕು ಮಾರು ದೂರವಿರಿಸುತ್ತಿದ್ದೆವು. ಸದ್ದಿನ ವಿಷಯದಲ್ಲಿ ಮಾತ್ರ ಹುಡುಗನ ಪಕ್ಷವನ್ನು ವಹಿಸಲಾರೆವು. ಎಂಬತ್ತೈದು ಡೆಸಿಬೆಲ್ ಎಂಬ ಪ್ರಮಾಣದ ಸದ್ದನ್ನು ಕಿವಿಯು ದಿನಕ್ಕೆ ಎಂಟು ಗಂಟೆ ತಾಳಬಲ್ಲುದೆಂದು ಗಣಿಸುತ್ತಾರೆ. ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿಯು ಅರ್ಧಕ್ಕರ್ಧ ಇಳಿಯುತ್ತ ಹೋಗಿ, ನೂರಕ್ಕೆ ಬಂದಾಗ ಕಾಲು ಗಂಟೆ ಮಾತ್ರ ಉಳಿಯುತ್ತದೆ. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಇಟ್ಟುಕೊಂಡು ಕೇಳುವ ಉಪಕರಣದಲ್ಲಿ ಸದ್ದನ್ನು ತಗ್ಗಿಸಿಟ್ಟುಕೊಳ್ಳುವಂತೆ ಅವನಿಗೆ ತಂದೆಯು ಹೇಳಬೇಕು. ಹೇಳುವಾಗ ಬಾಗಿಲಿನ ಹೊರಗೆ ನಿಂತು ಕೂಗದೆ, ಒಳಗೆ ಹೋಗಿ ಕುಳಿತು, ಆ ಮೊದಲ ಹಾಡಿನ ಮೂರು ಸ್ವರಗಳನ್ನು ಬಾರಿಸಿ ತೋರಿಸೆಂದು ಕೇಳಿದರೆ ಹುಡುಗನು ಬೇಡವೆನ್ನಲಾರನು.